ಕೊಂಡಿ ಒಂದು, ತಂತಿ ಏಳು

ಅಹಮದಾಬಾದಿನ ಎಸ್‌.ಜಿ. ಹೈವೇ ಪಕ್ಕದಲ್ಲಿ ಸಂಜೆ ಹೊತ್ತು ಸ್ವಲ್ಪ ನಿಂತರೆ ಸಾಕು, ಹಿಂದೆ ಕಬ್ಬಿಣದ ಕೊಂಡಿ ಕಟ್ಟಿಕೊಂಡ ಎಸ್‌ಯುವಿಗಳು ಸಾಲುಸಾಲಾಗಿ ಹಾದುಹೋಗುತ್ತವೆ. ಕೆಂಪು ಬಣ್ಣದ್ದು, ಕ್ರೋಮ್ ಹೊಳಪಿನದ್ದು, ಅದಕ್ಕೊಂದು ಸರಪಳಿ ನೇತುಹಾಕಿದ್ದು. ಆ ಕೊಂಡಿಗೆ ಏನನ್ನಾದರೂ ಸಿಕ್ಕಿಸಿ ಎಳೆದುಕೊಂಡು ಹೋಗುವ ಗಾಡಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ವಡೋದರಾದ ಅಲ್ಕಾಪುರಿಯಲ್ಲೂ ಇದೇ ಕಥೆ, ಸೂರತ್ತಿನ ವೇಸು, ಅಡಾಜಣಗಳಲ್ಲೂ ಇದೇ. ಬೆಂಗಳೂರಿನವರು ನಗುವಂತಿಲ್ಲ, ಹುಬ್ಬಳ್ಳಿ–ಬೆಳಗಾವಿಯವರು ಇನ್ನೂ ನಗುವಂತಿಲ್ಲ.

ಯಾಕೆ ಹಾಕಿಸಿದಿರಿ ಎಂದರೆ ಉತ್ತರ ಎಲ್ಲ ಕಡೆ ಒಂದೇ: ರಿಕ್ಷಾದವನು ಹಿಂದಿನಿಂದ ಬಂದು ಗುದ್ದಿದರೆ ಬಂಪರ್ ಉಳಿಯುತ್ತದೆ. ಉಳಿಯುತ್ತದೆ, ನಿಜ. ಆದರೆ ಬಂಪರ್ ಇರುವುದೇ ಏಟು ತಿನ್ನುವುದಕ್ಕೆ. ಅದರ ಒಳಗಿನ ತೊಲೆ, ಅದರ ಹಿಂದಿನ ತಗಡಿನ ಭಾಗ, ಎಲ್ಲವೂ ಗುದ್ದಿದಾಗ ಕುಗ್ಗಿ ಏಟನ್ನು ನುಂಗಲೆಂದೇ ಲೆಕ್ಕ ಹಾಕಿ ಮಾಡಿದವು. ಅಲ್ಲಿ ಚಾಸಿಗೇ ಬೋಲ್ಟ್ ಮಾಡಿದ ಗಟ್ಟಿ ಕೊಂಡಿ ಬಂದು ಕೂತರೆ ಏಟು ಕುಗ್ಗುವ ಭಾಗವನ್ನು ಬಿಟ್ಟು ನೇರವಾಗಿ ಗಾಡಿಯ ಬೆನ್ನಿಗೆ ಬೀಳುತ್ತದೆ. ಗುದ್ದಿದವನ ಪಾಡು ಅದಕ್ಕಿಂತ ಕೆಟ್ಟದ್ದು. ಆಟೋರಿಕ್ಷಾದ ಮುಂಭಾಗ ಎಂದರೆ ಒಂದು ಚಕ್ರ, ಒಂದು ತಗಡು, ಅದರ ಹಿಂದೆಯೇ ಚಾಲಕನ ಮೊಣಕಾಲು. ಎರಡು ಸಾವಿರ ರೂಪಾಯಿಯ ಬಂಪರ್ ಪೇಂಟಿಂಗ್ ಉಳಿಸಲು ಇನ್ನೊಬ್ಬನ ಮೊಣಕಾಲನ್ನು ಪಣಕ್ಕಿಡುವ ಅಲಂಕಾರ ಇದು. ಪಾರ್ಕಿಂಗಿನಲ್ಲಿ ನಡೆದು ಹೋಗುವವರ ಕಣಕಾಲಿನ ಮಾತು ಬೇರೆ.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ 182ಎ ಸೆಕ್ಷನ್ ಅಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ ಎಂದು ಬರೆದುಕೊಂಡಿತು. ಆ ಸೆಪ್ಟೆಂಬರಿನಲ್ಲಿ ಹೊಸ ದಂಡಗಳಿಗೆ ಜನ ಬೊಬ್ಬೆ ಹಾಕಿದಾಗ ಹೆಲ್ಮೆಟ್ಟು, ಸೀಟ್ ಬೆಲ್ಟಿನಂಥವುಗಳ ದಂಡ ಇಳಿಸಿ ಮೊದಲು ದಾರಿ ತೋರಿದ್ದು ಗುಜರಾತ್ ಸರ್ಕಾರವೇ ಎಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ನನಗೆ ಕುತೂಹಲ ಹುಟ್ಟಿಸುವುದು ದಂಡವಲ್ಲ. ಕೊಂಡಿಗೆ ಅದರದೇ ಆದ ಗೌರವಸ್ಥ ಕೆಲಸವೊಂದಿದೆ: ಟ್ರೇಲರ್ ಎಳೆಯುವುದು. ಆ ಕೆಲಸಕ್ಕೆ ಲಾಯಕ್ಕಾದ ಕಾರುಗಳು ಹುಟ್ಟುವುದೂ ಇದೇ ಗುಜರಾತಿನಲ್ಲಿ.

ಅಹಮದಾಬಾದಿನಿಂದ ವಾಯವ್ಯಕ್ಕೆ, ಬೇಚರಾಜಿ ಹತ್ತಿರದ ಹಂಸಲಪುರದಲ್ಲಿ ಸುಜುಕಿ ಕಾರ್ಖಾನೆ 2017ರಿಂದ ಕಾರು ತಯಾರಿಸುತ್ತಿದೆ. 2024ರ ಆಗಸ್ಟಿನಲ್ಲಿ ಪಿಪಾವಾವ್ ಬಂದರಿನಿಂದ 1,600ಕ್ಕೂ ಹೆಚ್ಚು ಫ್ರಾಂಕ್ಸ್ ಕಾರುಗಳು ಹಡಗೇರಿ ಜಪಾನಿಗೆ ಹೋದವು. ಮರುವರ್ಷ ಅದೇ ಹಂಸಲಪುರದಿಂದ ಇ-ವಿಟಾರಾ ಎಂಬ ವಿದ್ಯುತ್ ಕಾರು ಯುರೋಪು ಸೇರಿ ನೂರಕ್ಕೂ ಹೆಚ್ಚು ದೇಶಗಳಿಗೆಂದು ಹೊರಟಿತು. ಸಾಣಂದಿನಲ್ಲಿ 2010ರಲ್ಲಿ ನ್ಯಾನೋಗೆಂದು ಶುರುವಾದ ಟಾಟಾ ಘಟಕ, ಪಕ್ಕದಲ್ಲೇ ಫೋರ್ಡ್ ಬಿಟ್ಟುಹೋದ ಮೇಲೆ ಟಾಟಾ ಕೊಂಡ ಇನ್ನೊಂದು ಘಟಕ. ವಡೋದರಾ ಹತ್ತಿರದ ಹಾಲೋಲ್‌ನಲ್ಲಿ ಜನರಲ್ ಮೋಟಾರ್ಸ್ ಖಾಲಿ ಮಾಡಿದ ಜಾಗದಲ್ಲಿ ಎಂ.ಜಿ. ಇಷ್ಟೆಲ್ಲ ಇದ್ದೂ ಇಲ್ಲಿನ ಕಾರುಕೊಳ್ಳುಗನಿಗೆ ‘ಈ ಕಾರು ಎಷ್ಟು ಎಳೆಯುತ್ತದೆ’ ಎಂಬ ಪ್ರಶ್ನೆಯೇ ಹೊಳೆಯುವುದಿಲ್ಲ. ಯುರೋಪಿಗೆ ಹೋಗುವ ಸುಜುಕಿಗಳ ಕಾಗದದಲ್ಲಿ ಎಳೆಯುವ ತೂಕಕ್ಕೆ ಒಂದು ಕಲಂ ಇರುತ್ತದೆ: ಬ್ರೇಕ್ ಇರುವ ಟ್ರೇಲರ್ ಆದರೆ ಇಷ್ಟು, ಇಲ್ಲದ್ದಾದರೆ ಇಷ್ಟು. ನಮ್ಮಲ್ಲಿ ಮಾರುವ ಕಾರಿನ ಕೈಪಿಡಿ ತೆರೆದರೆ, ಈ ಗಾಡಿ ಜನರನ್ನೂ ಸಾಧಾರಣ ಸಾಮಾನನ್ನೂ ಹೊರಲು ಮಾಡಿದ್ದು, ಟ್ರೇಲರ್ ಎಳೆಯಲು ನಾವು ಶಿಫಾರಸು ಮಾಡುವುದಿಲ್ಲ ಎಂಬರ್ಥದ ಮಾತು. ಈ ಮಾತು ಓದದೆ ಕೊಂಡಿ ಹಾಕಿಸಿದವರೇ ಹೆಚ್ಚು.

ಬ್ರಿಟನ್ನಿನಲ್ಲಿ 1998ರ ಆಗಸ್ಟ್ ನಂತರ ನೋಂದಾಯಿತವಾದ ಕಾರಿಗೆ ಆಯಾ ಮಾದರಿಗೆಂದೇ ಪರೀಕ್ಷಿಸಿ ಒಪ್ಪಿದ ಟೋ ಬಾರ್, ಅಂದರೆ ಎಳೆಯುವ ಕೊಂಡಿ, ಮಾತ್ರ ಹಾಕಬೇಕು. 2021ರ ಡಿಸೆಂಬರಿನಿಂದ ಅಲ್ಲಿ ಟ್ರೇಲರಿಗೆಂದು ಪ್ರತ್ಯೇಕ ಚಾಲನಾ ಪರೀಕ್ಷೆಯೂ ಬೇಕಿಲ್ಲ. ಕಾರಿನ ಲೈಸೆನ್ಸ್ ಇದ್ದರೆ 3,500 ಕೆ.ಜಿ.ವರೆಗೆ ಎಳೆಯಬಹುದು. ಅಲ್ಲಿಗೂ ಆಸ್ಟ್ರೇಲಿಯಾಕ್ಕೂ ಹೋಗಿ ನೆಲೆಸಿದ ನಮ್ಮವರು ಹಿತ್ತಲಿನ ಕಸ ಸಾಗಿಸಲು, ಮನೆ ಬದಲಿಸಲು ಟ್ರೇಲರ್ ಬಾಡಿಗೆಗೆ ತರುವುದು ಮಾಮೂಲು. ಊರಿಗೆ ಬಂದಾಗ ಕೊಂಡಿ ಕಟ್ಟಿಕೊಂಡ ಇಷ್ಟೊಂದು ಗಾಡಿ ನೋಡಿ, ಟ್ರೇಲರುಗಳೆಲ್ಲ ಎಲ್ಲಿ ಹೋದವು ಎಂದು ಅವರು ಕೇಳಿದರೆ ತಪ್ಪಿಲ್ಲ.

ನಿಜವಾದ ಟೋ ಬಾರ್ ಜೋಡಿಸುವ ಕೆಲಸ ಹಿಂದಿನ ಬಂಪರ್ ಬಿಚ್ಚುವುದರಿಂದ ಶುರು. ಬಂಪರಿನ ಪ್ಲಾಸ್ಟಿಕ್ ತೆಗೆದರೆ ಒಳಗೊಂದು ಅಡ್ಡ ತೊಲೆ. ಹಲವು ಕಾರುಗಳಲ್ಲಿ ಆ ತೊಲೆಯನ್ನೇ ತೆಗೆದಿಟ್ಟು, ಅದರ ಜಾಗದಲ್ಲಿ ಟೋ ಬಾರಿನ ಅಡ್ಡಪಟ್ಟಿ ಕೂರಿಸುತ್ತಾರೆ. ಅದರ ಎರಡು ತೋಳುಗಳು ಕಾರಿನ ಅಡಿಯ ಉದ್ದ ತೊಲೆಗಳೊಳಗೆ ಹೋಗಿ, ತಯಾರಕರೇ ಬಿಟ್ಟ ತೂತುಗಳಿಗೆ ಬೋಲ್ಟ್ ಆಗುತ್ತವೆ. ಟಾರ್ಕ್ ವ್ರೆಂಚಿನಲ್ಲಿ ಇಷ್ಟು ನ್ಯೂಟನ್ ಮೀಟರ್ ಎಂದು ಅಳೆದು ಬಿಗಿ ಮಾಡಬೇಕು, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ನೋಡಬೇಕು. ಬಣ್ಣ ಕೆದರಿದ ಕಡೆ ತುಕ್ಕು ನಿರೋಧಕ ಬಳಿಯದೆ ಮುಚ್ಚಿದರೆ, ಸೂರತ್ತಿನಂಥ ಸಮುದ್ರಗಾಳಿಯ ಊರಿನಲ್ಲಿ ಅಲ್ಲೇ ತುಕ್ಕು ಮೊದಲಾಗುತ್ತದೆ.

ಸ್ಕಾರ್ಪಿಯೋ, ಬೊಲೆರೊ, ಫಾರ್ಚೂನರಿನಂಥವಕ್ಕೆ ಕೆಳಗೆ ಏಣಿಯಾಕಾರದ ಚಾಸಿ ಇರುವುದರಿಂದ ಹಿಡಿತಕ್ಕೆ ಜಾಗ ಸಿಗುತ್ತದೆ. ಸ್ವಿಫ್ಟ್, ಬಲೆನೊ, ಕ್ರೆಟಾಗಳಿಗೆ ಪ್ರತ್ಯೇಕ ಚಾಸಿಯೇ ಇಲ್ಲ; ಮಡಿಚಿದ ತೆಳು ಉಕ್ಕೇ ಬಾಡಿ, ಅದೇ ಚಾಸಿ. ವಡೋದರಾದ ಮಕರ್‌ಪುರಾ ಜಿಐಡಿಸಿ ಶೆಡ್ಡುಗಳಲ್ಲಿ ವೆಲ್ಡಿಂಗ್ ಕೈಗೆ ಬರವಿಲ್ಲ. ರಾಸಾಯನಿಕ ಕಾರ್ಖಾನೆಗಳಿಗೆ ಟ್ಯಾಂಕು, ವೆಸಲ್ಲು ಬೆಸೆದು ಪಳಗಿದ ಊರು ಅದು. ತೊಂದರೆ ಇರುವುದೇ ಅಲ್ಲಿ. ದಪ್ಪ ಪ್ಲೇಟಿಗೆ ಒಗ್ಗಿದ ಕೈಗೆ ಕಾರಿನ ತೆಳು ತೊಲೆಯ ಮೇಲೆ ಬೆಸುಗೆಯ ಎರಡು ಗೆರೆ ಎಳೆದು ‘ಚಾಲ್ಶೆ’, ನಡೆಯುತ್ತದೆ ಬಿಡಿ, ಅನ್ನುವುದು ಸಲೀಸು. ಕಾಯಿಸಿ ಗಟ್ಟಿಮಾಡಿದ ಉಕ್ಕು ವೆಲ್ಡಿಂಗ್ ಶಾಖಕ್ಕೆ ಆ ಗಟ್ಟಿತನ ಕಳೆದುಕೊಳ್ಳುತ್ತದೆ, ಬಿರುಕು ಬೆಸುಗೆಯಲ್ಲಿ ಬಾರದೆ ಅದರ ಪಕ್ಕದಲ್ಲಿ ಬರುತ್ತದೆ. ಟೋ ಬಾರನ್ನು ಕಾರಿಗೆ ವೆಲ್ಡ್ ಮಾಡಿಕೊಡುತ್ತೇನೆ ಎಂದವರ ಕೈಗೆ ಕೀಲಿ ಕೊಡಬೇಡಿ.

ಎಷ್ಟು ಗಟ್ಟಿ ಬೇಕು ಎನ್ನುವುದಕ್ಕೆ ಡಿ-ವ್ಯಾಲ್ಯೂ ಎಂಬ ಲೆಕ್ಕವಿದೆ. ಕಾರಿನ ತೂಕವನ್ನೂ ಟ್ರೇಲರಿನ ತೂಕವನ್ನೂ ಟನ್ನಿನಲ್ಲಿ ತೆಗೆದುಕೊಂಡು ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಕೊಂಡಿ ತಡೆಯಬೇಕಾದ ಎಳೆತ ಕಿಲೋನ್ಯೂಟನ್ನಿನಲ್ಲಿ ಬರುತ್ತದೆ. ಭರ್ತಿ ತೂಕ ಒಂದೂವರೆ ಟನ್ನಿನ ಕಾರು, ಮುಕ್ಕಾಲು ಟನ್ನಿನ ಟ್ರೇಲರ್ ಆದರೆ ಸುಮಾರು 4.9. ಅಂಗಡಿಯಲ್ಲಿ ನೇತಾಡುವ ಅಲಂಕಾರದ ಕೊಂಡಿಯ ಮೇಲೆ ಇಂಥ ಅಂಕಿ ಕೊರೆದ ತಗಡಿನ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಅದು ಯಾವ ತೂಕಕ್ಕೂ ಉತ್ತರದಾಯಿಯಲ್ಲ.

ಇನ್ನು ಮೂತಿಭಾರ, ಅಂದರೆ ಟ್ರೇಲರಿನ ಮೂತಿ 50 ಮಿ.ಮೀ. ವ್ಯಾಸದ ಆ ಗುಂಡಿನ ಮೇಲೆ ಕೆಳಮುಖವಾಗಿ ಹೇರುವ ತೂಕ. ಎತ್ತಿನಗಾಡಿ ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಕಣ್ಣಿ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲು ಮುರಿಯುತ್ತದೆ. ಕಾರಿನಲ್ಲೂ ಅಷ್ಟೇ. ಮುಂಭಾರ ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿದು, ಸ್ಟಿಯರಿಂಗ್ ಹಗುರಾಗಿ, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಹಿಂಭಾರವಾದರೆ ನಿಧಾನವಾಗಿ ಹೋಗುವಾಗ ಏನೂ ಗೊತ್ತಾಗದು. ವೇಗ ಏರಿದಾಗ, ಪಕ್ಕದಲ್ಲೊಂದು ಲಾರಿ ಗಾಳಿ ಎಬ್ಬಿಸಿ ಹೋದಾಗ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಒಂದೊಂದು ತೂಗಿಗೂ ಜಾಸ್ತಿಯಾಗುತ್ತ ಕಾರನ್ನೇ ತಿರುಗಿಸಿಹಾಕುತ್ತದೆ. ಅಹಮದಾಬಾದ್–ವಡೋದರಾ ನಡುವಿನ 93 ಕಿ.ಮೀ. ಎಕ್ಸ್‌ಪ್ರೆಸ್‌ವೇಯಂಥ ನೆಟ್ಟಗಿನ ರಸ್ತೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಆಗ ಗಾಬರಿಯಲ್ಲಿ ಬ್ರೇಕ್ ಒತ್ತುವುದಲ್ಲ, ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೆಟ್ಟಗೆ ಹಿಡಿದುಕೊಳ್ಳಬೇಕು.

ಇಷ್ಟಾದರೂ ಕಬ್ಬಿಣದ ಕೆಲಸ ಸುಲಭದ ಅರ್ಧ. ಜನ ಸಾಯುವುದು ಕೊಂಡಿ ಮುರಿದು ಕಡಿಮೆ, ಹಿಂದಿನ ದೀಪ ಉರಿಯದೆ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ರೇಲರ್ ಕಾರಿನ ಟೇಲ್ ಲೈಟುಗಳನ್ನು ಮರೆಮಾಡುತ್ತದೆ. ಹಾಗಾಗಿ ಕಾರಿನ ಹಿಂಬದಿ ಹೇಳುವುದೆಲ್ಲವನ್ನೂ ಟ್ರೇಲರಿನ ಹಿಂಬದಿ ಹೇಳಬೇಕು. ಅದಕ್ಕೆಂದೇ ಏಳು ಪಿನ್ನಿನ ದುಂಡು ಸಾಕೆಟ್. ನಮ್ಮ ಟ್ರ್ಯಾಕ್ಟರುಗಳ ಹಿಂದೆ ಮುಚ್ಚಳವಿರುವ ಕಪ್ಪು ಡಬ್ಬಿಯಂತಿರುವುದು ಇದೇ. ಒಂದನೇ ಪಿನ್ ಹಳದಿ ತಂತಿ, ಎಡ ಇಂಡಿಕೇಟರ್. ಎರಡು ನೀಲಿ, ಹಿಂಬದಿಯ ಫಾಗ್ ಲೈಟ್. ಮೂರು ಬಿಳಿ, ಅರ್ಥ್. ನಾಲ್ಕು ಹಸಿರು, ಬಲ ಇಂಡಿಕೇಟರ್. ಐದು ಕಂದು, ಬಲ ಟೇಲ್ ಲೈಟ್. ಆರು ಕೆಂಪು, ಬ್ರೇಕ್. ಏಳು ಕಪ್ಪು, ಎಡ ಟೇಲ್ ಲೈಟ್. ಅಂತಾರಾಷ್ಟ್ರೀಯ ಪದ್ಧತಿ ಇದು. ನಮ್ಮ ಎಲೆಕ್ಟ್ರಿಷಿಯನ್ನುಗಳು ಎಡವುವುದು ಕೊನೆಯದರಲ್ಲಿ. ಕಪ್ಪು ಎಂದರೆ ಅರ್ಥ್ ಎಂದು ಕೈ ಕಲಿತಿರುತ್ತದೆ. ಹೊರಗಿನಿಂದ ತರಿಸಿದ ಕಿಟ್ಟಿನ ಕಪ್ಪು ತಂತಿಯನ್ನು ಅಭ್ಯಾಸಬಲದಿಂದ ಕಾರಿನ ತಗಡಿಗೆ ಬಿಗಿದರೆ, ಲೈಟ್ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಇನ್ನೊಂದು ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಮೂರನೆಯದಕ್ಕೆ ತಂತಿ ಸುತ್ತಿದರೆ ಬೆಂಕಿ.

ಆ ಬಿಳಿ ತಂತಿಯ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟ್ರೇಲರಿನ ಎಲ್ಲ ಬಲ್ಬುಗಳ ಕರೆಂಟೂ ವಾಪಸು ಬರುವುದು ಅದೊಂದರಲ್ಲೇ. ಹಾಗಾಗಿ ಏಳರಲ್ಲಿ ಅದು ದಪ್ಪಗಿರಬೇಕು. ಅದರ ರಿಂಗ್ ಟರ್ಮಿನಲ್ ಬಣ್ಣದ ಮೇಲೆ ಕೂತಿದ್ದರೆ, ತುಕ್ಕು ಹಿಡಿದಿದ್ದರೆ, ಕರೆಂಟು ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಬಲ್ಬಿನಿಂದ ಹೊರಟದ್ದು ಇಂಡಿಕೇಟರ್ ಬಲ್ಬಿನ ತಂತು ಹಾದು, ಆ ತಂತಿಯಲ್ಲೇ ಉಲ್ಟಾ ಸಾಗಿ ಕಾರಿನ ಇಂಡಿಕೇಟರ್ ಮೂಲಕ ಅರ್ಥ್ ಸೇರುತ್ತದೆ. ಬ್ರೇಕ್ ಒತ್ತಿದರೆ ನಾಲ್ಕೂ ದೀಪ ಮಿಣುಕು ಮಿಣುಕು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜೊತೆಗೆ ಕಣ್ಣು ಹೊಡೆಯುತ್ತದೆ. ಕೆಲವೊಮ್ಮೆ ಕೊಂಡಿಯ ಗುಂಡೇ ಅರ್ಥ್ ಆಗಿ ಕೆಲಸ ಮಾಡಿ ಎಲ್ಲ ಸರಿಯಿದ್ದಂತೆ ತೋರಿ, ಮುಂದೆ ಹಳ್ಳ ಇಳಿದಾಗ ಗ್ರೀಸಿನ ಪದರದಲ್ಲಿ ಸಂಪರ್ಕ ತಪ್ಪಿ ದೀಪ ಆರುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದರೆ ಮತ್ತೆ ಉರಿಯುತ್ತದೆ. ಮೆಕ್ಯಾನಿಕ್ ಬಲ್ಬ್ ಬದಲಿಸಿ ದುಡ್ಡು ತೆಗೆದುಕೊಳ್ಳುತ್ತಾನೆ.

ಹಳೆಯ ಅಂಬಾಸಿಡರಿಗೋ ಜೀಪಿಗೋ ಆದರೆ ಟೇಲ್ ಲೈಟಿನ ತಂತಿ ಕೆರೆದು ಇನ್ನೊಂದು ತಂತಿ ಸುತ್ತಿ ಟೇಪ್ ಹಾಕಿದರೆ ಮುಗಿಯಿತು. ಹೆಚ್ಚೆಂದರೆ ಫ್ಲಾಶರ್ ಬದಲಿಸಬೇಕಿತ್ತು. ಇವತ್ತಿನ ಕಾರಿನಲ್ಲಿ ದೀಪಗಳನ್ನು ಆಳುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಸಣ್ಣ ಗಣಕ. ಒಂದೊಂದು ಬಲ್ಬಿಗೆ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಅದು ಗಮನಿಸುತ್ತಿರುತ್ತದೆ. 21 ವ್ಯಾಟಿನ ಇಂಡಿಕೇಟರ್ 12 ವೋಲ್ಟಿನಲ್ಲಿ ಎಳೆಯುವುದು ಒಂದು ಮುಕ್ಕಾಲು ಆಂಪಿಯರ್; ಅದೇ ತಂತಿಯಿಂದ ಟ್ರೇಲರಿಗೂ ಕದ್ದರೆ ಮೂರೂವರೆ. ಮಾಡ್ಯೂಲ್ ಅದನ್ನು ಶಾರ್ಟ್ ಎಂದು ತಿಳಿದು ಲೈನನ್ನೇ ಬಂದ್ ಮಾಡಬಹುದು. ಎಲ್‌ಇಡಿ ದೀಪದ ಕಾರುಗಳಲ್ಲಿ ಇನ್ನೂ ಸೂಕ್ಷ್ಮ. ಸರಿಯಾದ ವಿಧಾನವೆಂದರೆ ಕಾರಿನ ತಂತಿಯಿಂದ ಬರೀ ಸೂಚನೆ ಪಡೆದು, ದೀಪಕ್ಕೆ ಬೇಕಾದ ಶಕ್ತಿಯನ್ನು ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಹಾದು ತರುವ ಬೈಪಾಸ್ ರಿಲೇ. ಅದಕ್ಕಿಂತ ಮೇಲಿನದು, ಆಯಾ ಕಾರಿಗೆಂದೇ ಮಾಡಿದ ಕಿಟ್. ಅದು ಕಾರಿನ ಗಣಕಕ್ಕೆ ಹಿಂದೆ ಟ್ರೇಲರ್ ಇದೆ ಎಂದು ತಿಳಿಸುತ್ತದೆ. ಆಗ ರಿವರ್ಸ್ ಸೆನ್ಸರ್ ಸುಮ್ಮನೆ ಕೂಗಿಕೊಳ್ಳುವುದಿಲ್ಲ, ಟ್ರೇಲರ್ ತೂಗಾಡಿದರೆ ಚಕ್ರಗಳ ಬ್ರೇಕನ್ನು ಬಿಡಿಬಿಡಿಯಾಗಿ ಹಿಡಿದು ಸಂಭಾಳಿಸುವ ವ್ಯವಸ್ಥೆ ಇದ್ದರೆ ಅದೂ ಎಚ್ಚರಗೊಳ್ಳುತ್ತದೆ. ವಾರಂಟಿ ಇರುವ ಕಾರಿನ ಹಾರ್ನೆಸ್ ಕತ್ತರಿಸಿದ ದಿನ ಆ ವಾರಂಟಿಯ ವಿದ್ಯುತ್ ಭಾಗಕ್ಕೆ ತಿಲಾಂಜಲಿ ಬಿಟ್ಟಂತೆ ಎಂದೂ ಹೇಳಬೇಕು.

ಕಾರಿಗೆ ಇಷ್ಟೆಲ್ಲ ಮಾಡಿಸಿ ಟ್ರೇಲರ್ ಎಲ್ಲಿಂದ ತರುತ್ತೀರಿ? ಕಾಯ್ದೆಯ ಕಣ್ಣಿನಲ್ಲಿ ಟ್ರೇಲರ್ ಒಂದು ಸ್ವತಂತ್ರ ವಾಹನ. ಅದಕ್ಕೆ ಅದರದೇ ನೋಂದಣಿ, ಅದರದೇ ನಂಬರು, ವಿಮೆಯಲ್ಲೂ ಅದರ ಉಲ್ಲೇಖ. 61ನೇ ಸೆಕ್ಷನ್ ಪ್ರಕಾರ ಟ್ರೇಲರಿನ ನಂಬರು ಅದರ ಪಕ್ಕದಲ್ಲಿರಬೇಕು, ಎಳೆಯುವ ಗಾಡಿಯ ನಂಬರು ಕಟ್ಟಕಡೆಯ ಟ್ರೇಲರಿನ ಮೇಲಿರಬೇಕು. ಅಪಘಾತವಾದ ಮೇಲೆ ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದು ಈ ಕಾಗದವನ್ನೇ.

ಹಾಗಾದರೆ ಗುಜರಾತಿನಲ್ಲಿ ನಿಜವಾಗಿ ಎಳೆಯುವವರು ಯಾರು? ಬೆಳಗಿನ ಹೊತ್ತು ಅಹಮದಾಬಾದಿನ ಹೊರವಲಯದಲ್ಲಿ ನೋಡಿ. ಎರಡು ಚಕ್ರದ ಕಾಂಕ್ರೀಟ್ ಮಿಕ್ಸರ್ ಟ್ರ್ಯಾಕ್ಟರ್ ಹಿಂದೆಯೋ ಟೆಂಪೋ ಹಿಂದೆಯೋ ಕುಣಿಯುತ್ತ ಹೋಗುತ್ತಿರುತ್ತದೆ. ಮಿಕ್ಸರ್ ತಯಾರಿಸುವ ಸಣ್ಣ ಕಾರ್ಖಾನೆಗಳು ಈ ನಗರದ ಸುತ್ತಲೂ ಇವೆ, ಮೆಹಸಾಣಾ ಕಡೆಗೂ ಇವೆ. ಅವುಗಳ ಕೊಂಡಿ ಒಂದು ಪಿನ್ನು, ದೀಪ ಇಲ್ಲವೇ ಇಲ್ಲ. ಮದುವೆ ಮೆರವಣಿಗೆಯ ಜನರೇಟರ್, ರಸ್ತೆ ಅಗೆಯುವವರ ಏರ್ ಕಂಪ್ರೆಸರ್, ಗಣಪತಿ ಹಬ್ಬದಲ್ಲಿ ಸೂರತ್ತಿನ ಮೂರ್ತಿಗಳನ್ನು ಹೊತ್ತ ಟ್ರಾಲಿ, ಎಲ್ಲವೂ ಇದೇ ಜಾತಿ. ಇನ್ನೊಂದು ತುದಿಯಲ್ಲಿ ವಡೋದರಾದ ಟ್ರಾನ್ಸ್‌ಫಾರ್ಮರುಗಳನ್ನೂ ಹಜೀರಾದ ದೈತ್ಯ ರಿಯಾಕ್ಟರುಗಳನ್ನೂ ಸಾಗಿಸುವ ಹೈಡ್ರಾಲಿಕ್ ಟ್ರೇಲರುಗಳು. ಮುಂದೊಂದು ಪುಲ್ಲರ್ ಎಳೆಯುತ್ತದೆ, ಬೇಕಾದರೆ ಹಿಂದೊಂದು ತಳ್ಳುತ್ತದೆ, ನಡುವೆ ಆಳುದ್ದದ ಡ್ರಾಬಾರ್. ಅಂಥ ಕೆಲಸಕ್ಕೆ ಬಳಸುವ ವೋಲ್ವೊ ಲಾರಿಗಳು 1998ರಿಂದ ಜೋಡಣೆಯಾಗುತ್ತಿರುವುದು ನಮ್ಮ ಹೊಸಕೋಟೆಯಲ್ಲಿ. ನಡಿಗೆಯ ವೇಗದಲ್ಲಿ ಸಾಗುವ ಅವುಗಳ ಮುಂದೆ ಹಿಂದೆ ಬೆಂಗಾವಲು ಗಾಡಿ, ಮಿನುಗುವ ದೀಪ, ಕೆಂಪು ಬಾವುಟ. ನೂರಾರು ಟನ್ ಎಳೆಯುವವನು ಇಷ್ಟು ಎಚ್ಚರ ವಹಿಸುತ್ತಾನೆ, ಅರ್ಧ ಟನ್ ಎಳೆಯುವವನು ರಿಫ್ಲೆಕ್ಟರ್ ಕೂಡ ಅಂಟಿಸುವುದಿಲ್ಲ.

ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವುದನ್ನು ಗುಜರಾತಿನಲ್ಲಿ ಟೋಚನ್ ಅನ್ನುತ್ತಾರೆ. ಅದಕ್ಕೂ ನಿಯಮವಿದೆ: ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಸಲ್ಲದು, ವೇಗ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ. ಆಟೋಮ್ಯಾಟಿಕ್ ಕಾರನ್ನೂ ವಿದ್ಯುತ್ ಕಾರನ್ನೂ ಗಾಡಿಯನ್ನು ಓಡಿಸುವ ಚಕ್ರಗಳನ್ನು ನೆಲಕ್ಕೆ ತಾಗಿಸಿ ಎಳೆಯಲೇಬಾರದು; ಫ್ಲಾಟ್‌ಬೆಡ್ ಕರೆಸಿ.

ಸೂರತ್ ಜಿಲ್ಲೆಯ ಬಾರ್ಡೋಲಿ ನಮಗೆ ಗೊತ್ತಿರುವುದು 1928ರ ಸತ್ಯಾಗ್ರಹದಿಂದ, ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದರಿಂದ. ಇವತ್ತಿನ ಬಾರ್ಡೋಲಿ ಸಕ್ಕರೆಯ ಊರು. ಬಾರ್ಡೋಲಿ, ಮಢಿ, ಚಲಥಾಣ, ಸಾಯಣ, ಎಲ್ಲ ಕಡೆ ಸಹಕಾರಿ ಸಕ್ಕರೆ ಕಾರ್ಖಾನೆಗಳು. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಗಳಲ್ಲಿ ರಾತ್ರಿ ಹೋದವರಿಗೆ ಮಂಡ್ಯ, ಬಾಗಲಕೋಟೆ, ಬೆಳಗಾವಿಯ ರಸ್ತೆಗಳೇ ನೆನಪಾಗುತ್ತವೆ. ಟ್ರ್ಯಾಕ್ಟರಿನ ಟೇಲ್ ಲೈಟು ಕಬ್ಬಿನ ಹೊರೆಯ ಮರೆಯಲ್ಲಿ, ಟ್ರೇಲರಿನ ದೀಪ ಹಿಂದಿನ ವರ್ಷವೇ ಒಡೆದದ್ದು, ನಮ್ಮ ಕಡೆಯಾದರೆ ಅದರ ಹಿಂದೆ ಇನ್ನೊಂದು ಟ್ರೇಲರ್. ಬದಿಗೆ ಚಾಚಿದ ಕಬ್ಬಿನ ಗರಿ ಬೈಕಿನವನ ಕಣ್ಣಿಗೆ ಬೀಳುವುದು ಅದಕ್ಕೆ ಬಡಿದ ಮೇಲೆ. ಏಳು ಪಿನ್ನಿನ ಸಾಕೆಟ್ ಟ್ರ್ಯಾಕ್ಟರಿನ ಜೊತೆಗೇ ಬಂದಿರುತ್ತದೆ, ಅದಕ್ಕೆ ಕೇಬಲ್ ಸಿಕ್ಕಿಸುವವರಿಲ್ಲ. ಟ್ರೇಲರ್ ಮಾಡಿಕೊಡುವ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಲ್ಲಿಗೆ, ಪಟ್ಟಾಕ್ಕೆ, ಬಣ್ಣಕ್ಕೆ, ಹಿಂದಿನ ಫಲಕದ ಮೇಲಿನ ನವಿಲಿಗೂ ದರ ಮಾತಾಡುತ್ತಾರೆ. ದೀಪ, ತಂತಿ ಮಾಲೀಕ ಆಮೇಲೆ ಹಾಕಿಸಿಕೊಳ್ಳಲಿ ಎಂದು ಬಿಡುತ್ತಾರೆ.

ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನ ಮೇಲೆ ಪ್ರತಿ ಟ್ರ್ಯಾಕ್ಟರೂ ನಿಲ್ಲಲೇಬೇಕು. ತೂಕದ ಚೀಟಿ ಹರಿದುಕೊಡುವ ಮೊದಲು ಚಾಲಕನಿಗೆ ಬ್ರೇಕ್ ಒತ್ತಲು ಹೇಳಿ, ಒಬ್ಬ ಹಿಂದೆ ಹೋಗಿ ನೋಡಿದರೆ ಅರ್ಧ ನಿಮಿಷದ ಕೆಲಸ. ಬ್ರೇಕಿಗೆ ಇಂಡಿಕೇಟರ್ ಮಿಣುಕಿದರೆ ಬಲ್ಬ್ ಕೊಳ್ಳಬೇಡಿ. ಬಿಳಿ ತಂತಿಯ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ, ಮತ್ತೆ ಬಿಗಿದು ಮೇಲೊಂದಿಷ್ಟು ಗ್ರೀಸ್ ಮೆತ್ತಿ. ಏನೂ ಉರಿಯದಿದ್ದರೆ ಆ ಟ್ರ್ಯಾಕ್ಟರ್ ಖಾಲಿಯಾಗಿ ಹೊರಡುವಾಗ ಕಾರ್ಖಾನೆಯವರೇ ದೀಪ ಹಾಕಿಸಿ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಗೊಬ್ಬರ, ಬೀಜ, ಮುಂಗಡ, ಎಲ್ಲವನ್ನೂ ಬಿಲ್ಲಿನಲ್ಲಿ ಮುರಿದುಕೊಳ್ಳುವ ಲೆಕ್ಕದ ಪುಸ್ತಕ ಅವರಲ್ಲಿ ಹೇಗೂ ಇದೆ.